ಗಂಟಿಲ್ಲದ ಕಟ್ಟು

೬ ಫೆಬ್ರವರಿ

ಸಣ್ಣಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ನನ್ನನ್ನು ಮಾತು ಮುಗಿಸಲು ಬಿಡುವುದಿಲ್ಲ. ಕಾಗದವೇ ವಾಸಿ. ಓದುವಾಗ ನೀನು ಎಷ್ಟು ಅಡ್ಡಬಾಯಿ ಹಾಕಿದರೂ ನನಗೆ ಕೇಳಿಸುವುದಿಲ್ಲ. ಸಿಟ್ಟು ಬಂದರೆ ಹರಿದು ಹಾಕು, ಆದರೆ ಪೂರ್ತಿ ಓದಿ ಹರಿ.

ಇದು ಚಿಕ್ಕಮ್ಮನ ವಿಷಯ ಅಲ್ಲ. ಅದನ್ನು ನಾನೂ ಎತ್ತುವುದಿಲ್ಲ, ನೀನೂ ಎತ್ತಬೇಡ. ಇದು ನಿಮ್ಮ ಕಚೇರಿಯ ವಿಷಯ.

ಕಾಯಿಲೆಯ ಕಾಲದಲ್ಲಿ ಬೆಳೆ ಕಳೆದುಕೊಂಡ ರೈತರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಅಂತ ಊರೆಲ್ಲ ಡಂಗುರ ಹೊಡೆಸಿದ್ದೀರಲ್ಲ, ನಾನೂ ಅರ್ಜಿ ಹಾಕಿದೆ. ಮಾರ್ಕೆಟ್ ಮುಚ್ಚಿತ್ತು, ಮದುವೆಗಳು ನಿಂತಿದ್ದವು, ಲಾರಿ ಓಡುತ್ತಿರಲಿಲ್ಲ. ಇಡೀ ಹೊಲದ ಸೇವಂತಿಗೆ ಒಂದು ಕಾಸಿಗೂ ಹೋಗಲಿಲ್ಲ. ಇದು ನಷ್ಟ ಅಲ್ಲದಿದ್ದರೆ ನಷ್ಟ ಅಂದರೆ ಯಾವುದು, ನೀನೇ ಹೇಳು.

ಮೊನ್ನೆ ನಿಮ್ಮ ತನಿಖೆಯವನು ಬಂದಿದ್ದ. ನೆರಳಲ್ಲಿ ಕೂತರೂ ಟೋಪಿ ತೆಗೆಯದ ಮನುಷ್ಯ. ನಾನು ಅವನಿಗೆ ಟೋಪಿ ಅಂತಲೇ ಹೆಸರಿಟ್ಟಿದ್ದೇನೆ. ಹೊಲದ ಆ ತುದಿಯಿಂದ ಈ ತುದಿಗೆ ನಡೆದ, ಗಿಡಗಳನ್ನು ಬಗ್ಗಿ ಬಗ್ಗಿ ನೋಡಿದ.

"ಹೂವೆಲ್ಲಿ?" ಅಂದ.

"ಕೊಯ್ದೆ."

"ಕೊಯ್ದಿದ್ದೀರಿ ಅಂದ್ರೆ ಮಾರಿದ್ದೀರಿ."

"ಯಾರಿಗೆ ಮಾರ್ಲಿ? ಮಾರ್ಕೆಟ್ ಬಾಗ್ಲಿಗೆ ನಿಮ್ಮೋರೇ ಬೀಗ ಹಾಕಿದ್ರಲ್ಲ."

"ಹಾಗಾದ್ರೆ ಹೂವು ಏನಾಯ್ತು?"

"ಕೊಟ್ಟೆ."

"ಸರಿ, ತಗೊಂಡವರ ಹತ್ರ ಒಂದು ರಸೀದಿ ಬರೆಸ್ಕೊಂಡು ಬನ್ನಿ."

"ತಗೊಂಡವರು ರಸೀದಿ ಬರೆಯೋ ಸ್ಥಿತೀಲಿ ಇರ್ಲಿಲ್ಲ," ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಕುಡುಕರಿಗೆ ಕೊಟ್ಟೆ ಅಂದುಕೊಂಡನೋ ಏನೋ. ನಮ್ಮ ಹೊಲದ ಪಕ್ಕದ ರಸ್ತೆ ಹೊಸ ಸ್ಮಶಾನಕ್ಕೆ ಹೋಗುತ್ತದೆ ಅನ್ನುವುದು ನಿನಗೆ ಗೊತ್ತಿದೆ, ಅವನಿಗೆ ಗೊತ್ತಿರಲಿಲ್ಲ.

ಅಕ್ಕ ಅಂತ ನನಗೆ ಉಪಕಾರ ಮಾಡಬೇಡ. ನಿಯಮ ಏನು ಅಂತ ಮಾತ್ರ ಹೇಳು. ಇಟ್ಟಿಗೆ ಭಟ್ಟಿಯವನು ಪ್ರತಿ ವಾರ ಹೇಳಿಕಳಿಸುತ್ತಿದ್ದಾನೆ, ಹೊಲದ ಮಣ್ಣು ತೆಗೆಯಲು ಕೊಡಿ ಅಂತ. ಕೊಟ್ಟರೆ ಆಮೇಲೆ ಅದು ಹೊಲ ಅಲ್ಲ, ಹೊಂಡ. ಮಳೆಗೆ ಮುಂಚೆ ಪರಿಹಾರ ಬಂದರೆ ಮತ್ತೆ ನೆಡುತ್ತೇನೆ. ಬರದಿದ್ದರೆ ಅವನಿಗೆ ಬೇಡ ಅನ್ನಲು ನನ್ನ ಕೈಯಲ್ಲಿ ಬೇರೇನೂ ಇಲ್ಲ.

ಇಂತಿ,
ಮಾತು ಮುಗಿಸಿದ ಅಕ್ಕ


೧೪ ಫೆಬ್ರವರಿ

ಅಕ್ಕನಿಗೆ,

ಪೂರ್ತಿ ಓದಿದೆ. ಹರಿದಿಲ್ಲ.

ನಿಯಮ ಕೇಳಿದ್ದೀಯ, ಹೇಳುತ್ತೇನೆ. ಗಿಡದಲ್ಲೇ ಕೊಳೆತ ಬೆಳೆಗೆ ಪರಿಹಾರ ಇದೆ. ಕೊಯ್ದ ಬೆಳೆಗೆ ಇಲ್ಲ. ಕೊಯ್ದವರು ಹೇಗಾದರೂ ಮಾರಿಯೇ ಇರುತ್ತಾರೆ ಅನ್ನುವುದು ಮೇಲಿನವರ ನಂಬಿಕೆ. ಅವರು ಹೊಲ ನೋಡಿದ್ದಾರೋ ಇಲ್ಲವೋ ನನ್ನನ್ನು ಕೇಳಬೇಡ. ನಾನು ನಿಯಮ ಬರೆಯುವವಳಲ್ಲ, ಬಂದ ಅರ್ಜಿಗಳನ್ನು ಜೋಡಿಸಿ ಸಾಹೇಬರ ಮೇಜಿಗೆ ಮುಟ್ಟಿಸುವವಳು.

ಆದ್ದರಿಂದ ಹೊಸ ಅರ್ಜಿ ಹಾಕು. ಹೂವು ಗಿಡದಲ್ಲೇ ಕೊಳೆಯಿತು ಅಂತ ಬರೆ. ಅಕ್ಕಪಕ್ಕದ ಹೂವಿನವರೆಲ್ಲ ಹಾಗೇ ಬರೆದಿದ್ದಾರೆ, ಹೆಚ್ಚಿನವರದು ಕೊಳೆತದ್ದೂ ನಿಜ. ನಿನ್ನ ಟೋಪಿಯವರು ಒಳ್ಳೆಯ ಮನುಷ್ಯ, ಎರಡನೇ ಸಲ ಬಂದು ಬಗ್ಗಿ ನೋಡುವುದಿಲ್ಲ. (ಅವರ ತಲೆಯಲ್ಲಿ ಒಂದು ಕೂದಲೂ ಇಲ್ಲ, ಅದಕ್ಕೇ ಟೋಪಿ. ನಾನು ಹೇಳಿದೆ ಅಂತ ಹೇಳಬೇಡ.) ಗಾಳಿ ಬಂದಾಗ ತೂರಿಕೊಳ್ಳಬೇಕು ಅಕ್ಕ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತ ಚಿಕ್ಕಮ್ಮ ನಿನ್ನನ್ನು ನೋಡಿಕೊಂಡೇ ಹೇಳುತ್ತಿದ್ದಳು.

ನೋಡು, ನೀನು ಎತ್ತಬೇಡ ಅಂದಿದ್ದೆ, ನಾನು ಎತ್ತಿಬಿಟ್ಟೆ. ಎತ್ತಿದ ಮೇಲೆ ಇಳಿಸುವುದಿಲ್ಲ. ನಮ್ಮಿಬ್ಬರನ್ನು ಸಾಕಿದವಳು ಅವಳು. ಅವಳು ಹೋಗಿ ವಾರ ಕಳೆದ ಮೇಲೆ ನೀನು ನನಗೆ ತಿಳಿಸಿದೆ. ಒಪ್ಪಿದೆ, ನನಗೂ ಆ ಜ್ವರವೇ ಇತ್ತು. ಮನೆ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಆದರೆ ನನ್ನ ಕಿವಿಗೆ ಯಾರೂ ಚೀಟಿ ಅಂಟಿಸಿರಲಿಲ್ಲ.

ಅರ್ಜಿಯನ್ನು ಈ ತಿಂಗಳೊಳಗೆ ಹಾಕು.

ತಂಗಿ


೨೨ ಫೆಬ್ರವರಿ

ಸಣ್ಣಿಗೆ,

ಬರೆಯುವುದಿಲ್ಲ.

ಕೊಳೆಯದ ಹೂವನ್ನು ಕೊಳೆಯಿತು ಅಂತ ನಾನು ಬರೆಯುವುದಿಲ್ಲ. ಹರಿಶ್ಚಂದ್ರನ ಮೊಮ್ಮಗಳು ಅಂತ ಅಲ್ಲ. ವ್ಯಾಪಾರಿಯ ಹತ್ತಿರ ಹೂವು ನಿನ್ನೆಯದಾದರೂ ಇವತ್ತಿನದು ಅಂತ ಎಷ್ಟೋ ಸಲ ಹೇಳಿದ್ದೇನೆ, ನೀನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದೀಯ. ಆದರೆ ಈ ಹೂವಿನ ವಿಷಯದಲ್ಲಿ ಆಗುವುದಿಲ್ಲ.

ಏನಾಯಿತು ಅಂತ ಕೇಳು. ಮಾರ್ಕೆಟ್ ಮುಚ್ಚಿದಾಗ ಹೊಲ ತುಂಬ ಹಳದಿ. ಅರಳಿದ ಸೇವಂತಿಗೆಯನ್ನು ಗಿಡದಲ್ಲೇ ಬಿಟ್ಟರೆ ಬೂಷ್ಟು ಹಿಡಿದು ಬುಡಕ್ಕೆ ಇಳಿಯುತ್ತದೆ, ಮುಂದಿನ ವರ್ಷದ ಮರಿ ಸಸಿಯೂ ಸಾಯುತ್ತದೆ. ಮಾರಾಟ ಇರಲಿ ಬಿಡಲಿ, ಕೊಯ್ಯಲೇಬೇಕು. ಕೊಯ್ದು ಪಂಪ್ ಮನೆಯ ನೆರಳಲ್ಲಿ ರಾಶಿ ಹಾಕುತ್ತಿದ್ದೆ. ಏನು ಮಾಡುವುದು ಅಂತ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಆಂಬುಲೆನ್ಸ್ ನಿಂತಿತು. ಇಂಜಿನ್ನಿಗೆ ನೀರು ಬೇಕು ಅಂತ ಗಾಡಿಯವನು ಇಳಿದು ಬಂದ. ಮೈಪೂರ್ತಿ ಪ್ಲಾಸ್ಟಿಕ್, ಮುಖ ಕಾಣುತ್ತಿರಲಿಲ್ಲ. ಒಳಗೆ ಯಾರು ಅಂತ ಕೇಳಿದೆ. "ಯಾರೋ ಅಜ್ಜ. ಮನೇವ್ರು ಯಾರೂ ಬಂದಿಲ್ಲ. ನಾನೊಬ್ಬನೇ," ಅಂದ. ನೀರು ತುಂಬಿಸಿಕೊಂಡವನು ಹೂವಿನ ರಾಶಿ ನೋಡುತ್ತಾ ನಿಂತ. "ಒಂದೆರಡು ಕೊಡ್ತೀರಾ? ಬರಿಗೈಲಿ ಇಳಿಸೋಕೆ ಮನಸ್ಸು ಬರಲ್ಲ," ಅಂದ.

ನಮ್ಮ ಮನೆಯ ನಿಯಮ ನಿನಗೆ ಗೊತ್ತು. ಬೆಳೆದ ಹೂವಿನಲ್ಲಿ ಒಂದೇ ಒಂದನ್ನೂ ಮನೆಗೆ ತರುವ ಹಾಗಿಲ್ಲ, ಸುಮ್ಮನೆ ಯಾರಿಗೂ ಕೊಡುವ ಹಾಗಿಲ್ಲ. ಆ ದಿನ ಆ ನಿಯಮ ಮುರಿಯಿತು. ಹೇಗೆ ಮುರಿಯಿತು ಅನ್ನುವುದು ಬೇರೆ ಕಾಗದಕ್ಕೆ. ಅಲ್ಲಿಂದ ಮುಂದೆ ಗಾಡಿ ದಿನಾ ನಿಂತಿತು. ಕೆಲವು ದಿನ ಎರಡೆರಡು ಸಲ. ಹೊಲ ಖಾಲಿಯಾಗುವ ತನಕ ಒಬ್ಬರೂ ಬರಿಗೈಯಲ್ಲಿ ಹೋಗಲಿಲ್ಲ.

ಈಗ ನಿಮ್ಮ ಸರ್ಕಾರ ಹೇಳುತ್ತದೆ, ಕೊಳೆಸಿದ್ದರೆ ದುಡ್ಡು, ಕೊಟ್ಟಿದ್ದರೆ ಇಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತಂತೆ. ಹೂವು ಬೆಳೆದವಳು ಮಾತ್ರ ಕಚೇರಿಯ ಬಾಗಿಲಲ್ಲಿ ನಿಂತಿದ್ದಾಳೆ.

ಅರ್ಜಿ ಹಾಗೇ ಇರಲಿ. 'ಕೊಯ್ದು ಕೊಟ್ಟೆ' ಅಂತ ಬರೆದಿದ್ದೇನೆ, ಅದೇ ಇರಲಿ.

ಅದೇ ಎಡವಟ್ಟು


೧೫ ಮಾರ್ಚ್

ಅರ್ಜಿದಾರರಿಗೆ,

ಸಾಂಕ್ರಾಮಿಕ ಕಾಲದ ಬೆಳೆ ನಷ್ಟ ಪರಿಹಾರ ಕೋರಿ ತಾವು ಸಲ್ಲಿಸಿದ ಅರ್ಜಿಯನ್ನು ಪರಿಶೀಲಿಸಲಾಗಿದೆ. ಸ್ಥಳ ತನಿಖೆಯಲ್ಲಿ ಬೆಳೆಯು ಕಟಾವಾಗಿರುವುದು ಕಂಡುಬಂದಿದ್ದು, ಮಾರಾಟವಾಗಿಲ್ಲ ಎಂಬುದಕ್ಕೆ ತಾವು ಯಾವುದೇ ಪುರಾವೆ ಒದಗಿಸಿರುವುದಿಲ್ಲ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ.

ತಮ್ಮ ವಿಶ್ವಾಸಿ,
ಪರಿಹಾರ ಅಧಿಕಾರಿ


೧೭ ಮಾರ್ಚ್

ಅಕ್ಕ,

ಆ ಕಾಗದ ಟೈಪ್ ಮಾಡಿದವಳು ನಾನೇ. 'ಪುರಾವೆ ಒದಗಿಸಿರುವುದಿಲ್ಲ' ಅನ್ನುವ ಸಾಲಿಗೆ ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದೆ. ಆಮೇಲೆ ಟೈಪ್ ಮಾಡಿದೆ. ಮಾಡದಿದ್ದರೆ ಪಕ್ಕದ ಕುರ್ಚಿಯವಳು ಮಾಡುತ್ತಿದ್ದಳು, ತಪ್ಪು ತಪ್ಪಾಗಿ.

ಮೇಲ್ಮನವಿ ಹಾಕು. ಸಾಹೇಬರು ಕರೆಸಿ ವಿಚಾರಣೆ ಮಾಡುತ್ತಾರೆ. ಒಬ್ಬ ಸಾಕ್ಷಿ ಸಾಕು. ಆ ಗಾಡಿಯವನನ್ನು ಕರೆದುಕೊಂಡು ಬಾ. ದಿನಾ ಹೂವು ಒಯ್ದವನು ಒಂದು ದಿನ ಬಂದು ಹೌದು ಅಂದರೆ ಮುಗಿಯಿತು.

ಆ ಅಜ್ಜ ಯಾರು ಅಂತ ಆಮೇಲಾದರೂ ಗೊತ್ತಾಯಿತಾ?

ತಂಗಿ


೨೮ ಮಾರ್ಚ್

ಸಣ್ಣಿಗೆ,

ಗೊತ್ತಾಗಲಿಲ್ಲ. ಅಜ್ಜ ಅಂತ ಮಾತ್ರ ಗೊತ್ತು.

ಮೇಲ್ಮನವಿ ಹಾಕಿದ್ದೇನೆ. ಗಾಡಿಯವನು ಬರುವುದಿಲ್ಲ. ಅವನಾಗಿ ಬೇಡ ಅನ್ನಲಿಲ್ಲ, ನಾನೇ ಬೇಡ ಅಂದೆ. ಪ್ಲಾಸ್ಟಿಕ್ ಇಲ್ಲದೆ ಮೊದಲ ಸಲ ಅವನ ಮುಖ ನೋಡಿದೆ, ನಿನಗಿಂತ ಚಿಕ್ಕವನು. ಆಸ್ಪತ್ರೆಯಿಂದ ಹೊರಟ ಗಾಡಿ ದಾರಿಯಲ್ಲಿ ಎಲ್ಲೂ ನಿಲ್ಲಬಾರದು, ಯಾರೂ ಅದರ ಹತ್ತಿರ ಬರಬಾರದು ಅಂತ ಆಗ ಕಟ್ಟಾಜ್ಞೆ ಇತ್ತಂತೆ. ನಿಲ್ಲಿಸಿದ್ದೆ ಅಂತ ಅವನು ಕಚೇರಿಯಲ್ಲಿ ಹೇಳಿದರೆ ನಾಳೆ ಕೆಲಸ ಇರುವುದಿಲ್ಲ. "ಆದ್ರೂ ಬರ್ತೀನಿ, ನೀವು ಹೇಳಿದ್ರೆ," ಅಂದ. ಹೇಳುವಾಗ ಕೈಯಲ್ಲಿದ್ದ ಬೀಗದ ಕೈಯನ್ನು ಸುಮ್ಮನೆ ತಿರುಗಿಸುತ್ತಲೇ ಇದ್ದ. ಬೇಡ ಹೋಗಪ್ಪ ಅಂದೆ. ಅವನ ಹೊಟ್ಟೆಯ ಮೇಲೆ ಹೊಡೆದು ನನ್ನ ಹೊಲ ಉಳಿಸಿಕೊಳ್ಳುವುದಿಲ್ಲ. ಅವನ ಹೆಸರು ನಾನು ಎಲ್ಲೂ ಹೇಳುವುದಿಲ್ಲ, ನೀನೂ ಹೇಳಬೇಡ.

ಹೂವಿನವರ ಸಂಘದ ಅಧ್ಯಕ್ಷನೂ ಬಂದಿದ್ದ. ಸುಮ್ಮನೆ ಕೊಳೆಯಿತು ಅಂತ ಬರೆದುಕೊಡಬಾರದಾ, ನೀನೊಬ್ಬಳು ಬೇರೆ ರಾಗ ಹಾಡಿದರೆ ನಮ್ಮ ಅರ್ಜಿಗಳನ್ನೂ ಮತ್ತೆ ತೆಗೆದು ನೋಡುತ್ತಾರೆ ಅಂದ. ನಿಮ್ಮದು ಕೊಳೆತದ್ದು ನಿಜ ತಾನೇ, ಮತ್ತೇಕೆ ಹೆದರಿಕೆ ಅಂದೆ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ. ಕೊಟ್ಟ ಕಾಫಿ ಅರ್ಧಕ್ಕೇ ಬಿಟ್ಟು ಹೋದ.

ಕೊಯ್ದ ಗಿಡಗಳ ಬುಡದಲ್ಲಿ ಮರಿ ಸಸಿ ಎದ್ದಿವೆ. ಸಸಿಗೆ ತೊಂದರೆಯಿಲ್ಲ. ಉಳುಮೆ, ಗೊಬ್ಬರ, ಕೂಲಿ, ಇವಕ್ಕೇ ದಾರಿಯಿಲ್ಲ. ಭಟ್ಟಿಯವನು ಈ ವಾರ ತಾನೇ ಬಂದು ಹೊಲದ ಅಂಚಿನಲ್ಲಿ ನಿಂತು ಹಿಡಿ ಮಣ್ಣು ಎತ್ತಿ ಹಿಚುಕಿ ನೋಡಿದ. ಒಳ್ಳೆ ಮಣ್ಣು ಅಂದ. ನನಗೆ ಗೊತ್ತು ಅಂದೆ.

ಸಾಕ್ಷಿ ಇಲ್ಲದೆಯೇ ವಿಚಾರಣೆಗೆ ಹೋಗುತ್ತೇನೆ. ನನ್ನ ಬಾಯಿಯಂತೂ ಇದೆ.

ಅಕ್ಕ


೯ ಏಪ್ರಿಲ್

ಅಕ್ಕ,

ವಿಚಾರಣೆಯ ದಿನ ಗೊತ್ತಾಗಿದೆ, ಮೇ ಮೊದಲ ವಾರ. ಅದನ್ನು ತಿಳಿಸಲು ಈ ಕಾಗದ ಬೇಕಿರಲಿಲ್ಲ, ಕಚೇರಿಯಿಂದಲೇ ನಿನಗೆ ಬರುತ್ತದೆ.

ಚಿಕ್ಕಮ್ಮನ ವಿಷಯ ಹೇಳು. ಸಮಾಧಾನ ಹೇಳಬೇಡ, ನಡೆದದ್ದು ಹೇಳು. ಅವಳನ್ನು ಯಾರು ನೋಡಿದರು? ಅವಳ ಜೊತೆ ಯಾರಿದ್ದರು? ಇದನ್ನು ಕೇಳಲು ನನಗೆ ಇಷ್ಟು ದಿನ ಹಿಡಿಯಿತು.

ತಂಗಿ


೨೦ ಏಪ್ರಿಲ್

ಸಣ್ಣಿ,

ಹೇಳುತ್ತೇನೆ. ಮೊದಲ ದಿನದಿಂದಲೇ ಹೇಳಬೇಕು.

ಗಾಡಿಯವನು ಒಂದೆರಡು ಹೂವು ಕೇಳಿದ ಅಂದೆನಲ್ಲ, ನಾನು ಹಿಂದೆಮುಂದೆ ನೋಡುತ್ತಾ ನಿಂತಿದ್ದೆ. ಚಿಕ್ಕಮ್ಮ ಪಂಪ್ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಿಯಮ ಅವಳದೇ, ಬೈಯುತ್ತಾಳೆ ಅಂದುಕೊಂಡೆ. ಬೈದಳು. "ಒಂದೆರಡು ಕೊಡೋಕೆ ಅದೇನು ಭಿಕ್ಷೆನಾ? ಕಟ್ಟು ಕಟ್ಟಿ ಕೊಡೇ," ಅಂದಳು. ತಾನೇ ಬಾಳೆನಾರು ತೆಗೆದುಕೊಂಡು ಕಟ್ಟಿದಳು. ಆ ಬಗ್ಗದ ಹೆಬ್ಬೆರಳು ಬದಿಗಿಟ್ಟುಕೊಂಡು ಎರಡು ಸುತ್ತು ಸುತ್ತಿ, ಗಂಟು ಹಾಕದೆ ತುದಿಯನ್ನು ಒಳಗೆ ಸಿಕ್ಕಿಸಿ. ನಿಯಮ ಮುರಿದದ್ದು ನಾನಲ್ಲ, ಅವಳು. ಅಲ್ಲಿಂದ ದಿನಾ ಬೆಳಗ್ಗೆ ಆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಟ್ಟುತ್ತಿದ್ದೆವು. ಒಳಗಿರುವುದು ಹೆಂಗಸೋ ಗಂಡಸೋ ಅಂತ ಕೇಳಿಕೊಳ್ಳುತ್ತಿದ್ದಳು. ಮಗು ಅಂದ ದಿನ ಬಿಳಿ ಹೂವು ಹುಡುಕಿಸಿದಳು.

ಆಮೇಲೆ ಅವಳಿಗೇ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆ, ಒಳಗೆ ಬಿಡಲಿಲ್ಲ. ದಿನಾ ಫೋನ್ ಮಾಡಿದರೆ ಪರವಾಗಿಲ್ಲ ಅನ್ನುತ್ತಿದ್ದರು.

ಒಂದು ದಿನ ಎಂದಿನ ಹಾಗೆ ಗಾಡಿ ನಿಂತಿತು. ಎಂದಿನ ಹಾಗೆ ಬುಟ್ಟಿ ಹಿಡಿದು ಹೋದೆ. ಗಾಡಿಯವನು ಇಳಿಯಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದೆ ನೋಡುತ್ತಿದ್ದ. "ಇವತ್ತು ನಿಮ್ಮ ಚಿಕ್ಕಮ್ಮ," ಅಂದ. ಆಸ್ಪತ್ರೆಯ ಫೋನ್ ಬಂದದ್ದು ಆಮೇಲೆ.

ಬುಟ್ಟಿಯಲ್ಲಿದ್ದದ್ದು ಸಾಲದು ಅನ್ನಿಸಿತು. ಅವನನ್ನು ನಿಲ್ಲಿಸಿ ಒಂದು ಸಾಲು ಪೂರ್ತಿ ಕೊಯ್ದೆ, ಕೂತು ಕಟ್ಟಿದೆ. ಅವನು ಕಾದ. ಹಿಂದಿನ ಬಾಗಿಲು ತೆಗೆದ. ಅವಳ ಮುಖ ಕಾಣಲಿಲ್ಲ, ಸುತ್ತಿದ್ದರು. ಉದ್ದದಿಂದ ಅವಳೇ ಅಂತ ಗೊತ್ತಾಯಿತು. ಮೇಲೆ ಹೂವು ಇಟ್ಟೆ. ಇಷ್ಟೊಂದು ಹೂವು ಹಾಳು ಮಾಡ್ತಿದ್ದೀಯಲ್ಲೇ ಅಂತ ಎದ್ದು ಕೂತು ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ.

ಅವಳ ಜೊತೆ ನಾನಿದ್ದೆ. ಗಾಡಿಯ ಹಿಂದೆ ಸ್ಮಶಾನದ ಗೇಟಿನ ತನಕ ನಡೆದೆ.

ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಆ ಜ್ವರದಲ್ಲೇ ಬಾಗಿಲು ಮುರಿದು ಬರುತ್ತಿದ್ದೆ, ನನಗೆ ನಿನ್ನ ಬುದ್ಧಿ ಗೊತ್ತಿಲ್ಲವಾ. ಒಂದೇ ವಾರದಲ್ಲಿ ಇಬ್ಬರಿಗೆ ಕಟ್ಟುವ ಶಕ್ತಿ ನನ್ನ ಕೈಗೆ ಇರಲಿಲ್ಲ. ನಿನಗೆ ನೋವಾಗಿದೆ, ಅದು ನನಗೂ ನೋವೇ. ಆದರೆ ಕ್ಷಮೆ ಕೇಳುವುದಿಲ್ಲ. ಮತ್ತೆ ಅಂಥ ದಿನ ಬಂದರೂ ಹೀಗೇ ಮಾಡುತ್ತೇನೆ.

ಈಗ ಹೇಳು, ಅವಳು ಕೂತು ಕಟ್ಟಿದ ಹೂವನ್ನು, ಅವಳ ಮೇಲೆ ಇಟ್ಟ ಹೂವನ್ನು, ಗಿಡದಲ್ಲೇ ಕೊಳೆಯಿತು ಅಂತ ಬರೆದುಕೊಡಲಾ?

ಅಕ್ಕ


೧೨ ಮೇ

ಸಣ್ಣಿ,

ನಿನ್ನ ಉತ್ತರ ಬರಲಿಲ್ಲ ಅಂತ ಬೈದುಕೊಳ್ಳುತ್ತಾ ಬಸ್ ಹತ್ತಿದ್ದೆ. ಉತ್ತರ ನಿಮ್ಮ ಕಚೇರಿಯ ಮಹಡಿಯ ವಿಚಾರಣೆ ಕೋಣೆಯಲ್ಲಿ ಕೂತಿತ್ತು.

ನಿನಗೆ ನಿನ್ನ ಬೆನ್ನು ಕಾಣುವುದಿಲ್ಲ, ಅದಕ್ಕೆ ನಾನು ನೋಡಿದ್ದನ್ನು ಬರೆಯುತ್ತೇನೆ. ನನಗೆ ಕೊಟ್ಟ ಕುರ್ಚಿಯ ಒಂದು ಕಾಲು ಗಿಡ್ಡ. ಅಲುಗಾಡದೆ ಕೂರುವುದರಲ್ಲೇ ಅರ್ಧ ಧೈರ್ಯ ಖರ್ಚಾಗಿತ್ತು. ನೀನು ಗೋಡೆಯ ಪಕ್ಕದ ಮೇಜಿನಲ್ಲಿ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ, ನನ್ನನ್ನು ನೋಡಲೇ ಇಲ್ಲ. ಸಾಹೇಬರು ಮೆತ್ತಗೆ ಮಾತಾಡುವವರು. "ನೀವು ಮಾಡಿದ್ದು ಒಳ್ಳೆ ಕೆಲಸಾನೇ. ಆದ್ರೆ ದಾನಕ್ಕೆ ಪರಿಹಾರ ಇಲ್ಲಮ್ಮ," ಅಂದರು.

"ದಾನಕ್ಕೆ ಕೇಳ್ತಿಲ್ಲ ಸಾರ್. ಬೆಳೆದಿದ್ದಕ್ಕೆ ಕೇಳ್ತಿದ್ದೀನಿ. ಕೊಳೆತೋಗಿದ್ರೂ ಅದೇ ಹೂವು, ಕೊಟ್ಟಿದ್ರೂ ಅದೇ ಹೂವು. ನನ್ನ ಕೈಗೆ ಬಂದಿದ್ದು ಎರಡರಲ್ಲೂ ಸೊನ್ನೆ."

"ಕೊಟ್ಟಿದ್ದಕ್ಕೆ ಸಾಕ್ಷಿ?"

ಗಾಡಿಯವನ ಹೆಸರು ನಾಲಿಗೆಗೆ ಬಂದದ್ದನ್ನು ನುಂಗಿಕೊಂಡೆ. ಮಣ್ಣು ಹಿಚುಕಿ ನೋಡುತ್ತಿದ್ದ ಭಟ್ಟಿಯವನ ಕೈ ಕಣ್ಣಿಗೆ ಬಂತು.

ಆಗ ನೀನು ಎದ್ದೆ. "ನಾನು ನೋಡಿದ್ದೀನಿ ಸಾರ್," ಅಂದೆ. ಸಾಹೇಬರಿಗಿಂತ ಹೆಚ್ಚು ಬೆಚ್ಚಿದವಳು ನಾನು. ನೀನು, ಜ್ವರ ಬಿಟ್ಟ ಮೇಲೆ ಒಬ್ಬಳೇ ಸ್ಮಶಾನಕ್ಕೆ ಹೋಗಿದ್ದೆ, ನಮ್ಮ ಚಿಕ್ಕಮ್ಮನನ್ನು ಹೂತ ಗುಡ್ಡೆ ಯಾವುದು ಅಂತ ಗೊತ್ತಾಗಲಿಲ್ಲ, ಎಲ್ಲದರ ಮೇಲೂ ಒಣಗಿದ ಸೇವಂತಿಗೆ ಕಟ್ಟು ಇತ್ತು ಅಂದೆ. ಅಷ್ಟು ದೂರ ಬಂದು ನಮ್ಮ ಹೊಲದ ಪಕ್ಕದಲ್ಲೇ ಹಾದುಹೋದವಳು ಬಾಗಿಲು ತಟ್ಟದೆ ಹೋದೆಯಲ್ಲೇ.

"ಸೇವಂತಿಗೆ ಎಲ್ಲ ಕಡೆ ಒಂದೇ ಥರ ಇರುತ್ತೆ. ನಿಮ್ಮಕ್ಕನದೇ ಅಂತ ಹೇಗೆ ಹೇಳ್ತೀರಿ?" ಅಂತ ಸಾಹೇಬರು ಕೇಳಿದರು.

"ಕಟ್ಟಿಗೆ ಗಂಟು ಇರ್ಲಿಲ್ಲ ಸಾರ್," ಅಂದೆ ನೀನು. ನಮ್ಮ ಚಿಕ್ಕಮ್ಮನ ಹೆಬ್ಬೆರಳು ಬಗ್ಗುತ್ತಿರಲಿಲ್ಲ, ಗಂಟು ಹಾಕಲು ಬರುತ್ತಿರಲಿಲ್ಲ, ಅವಳಿಂದ ಕಲಿತ ನಾವಿಬ್ಬರೂ ಹಾಗೇ ಕಟ್ಟುತ್ತೇವೆ, ಬೇರೆ ಯಾರೂ ಹಾಗೆ ಕಟ್ಟುವುದನ್ನು ನೋಡಿಲ್ಲ ಅಂದೆ. ಸಾಹೇಬರ ಮೇಜಿನ ಮೇಲಿದ್ದ ಪೆನ್ನುಗಳನ್ನೆಲ್ಲ ಗೋರಿ ತೆಗೆದುಕೊಂಡು, ಫೈಲು ಕಟ್ಟುವ ಕೆಂಪು ದಾರ ಸುತ್ತಿ, ಹೆಬ್ಬೆರಳು ಬದಿಗಿಟ್ಟು ಕಟ್ಟಿಯೇ ಬಿಟ್ಟೆ. ಆ ಮನುಷ್ಯನೂ ಚುರುಕು. ನನಗೂ ಒಂದು ದಾರ, ನಾಲ್ಕು ಪೆನ್ಸಿಲ್ ಕೊಟ್ಟು ಗೋಡೆಯ ಕಡೆ ತಿರುಗಿ ಕಟ್ಟಿ ಅಂದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ತಮ್ಮ ಪೆನ್ನು ಬಿಡಿಸಿಕೊಳ್ಳಲು ಹೋದರು, ತುದಿಯೇ ಸಿಗಲಿಲ್ಲ. ನೀನು ನಗಲಿಲ್ಲ. ನಾನು ನಕ್ಕೆ, ತಪ್ಪೇ.

ಹೊರಗೆ ಬಂದಾಗ ನೀನು ಕೆಲಸ ಇದೆ ಅಂತ ಹೊರಟುಬಿಟ್ಟೆ. ಮಾತಾಡಿದ್ದರೆ ಇಬ್ಬರೂ ಅಳುತ್ತಿದ್ದೆವು, ನಿನ್ನ ಕಚೇರಿಯವರ ಎದುರಿಗೆ. ಹೋದದ್ದೇ ಸರಿ.

ನಿನ್ನ ಅಕ್ಕ


೩೦ ಮೇ

ಅಕ್ಕ,

ಮಂಜೂರಾಗಿದೆ. ಪೂರ್ತಿ ಓದು, ಆಮೇಲೆ ಕುಣಿ.

ನೀನು ಹೇಳಿದ್ದು ಸತ್ಯ ಅಂತ ಸಾಹೇಬರು ಒಪ್ಪಿದರು. ಕಂಪ್ಯೂಟರ್ ಒಪ್ಪಲಿಲ್ಲ. ಬೆಳೆ ಏನಾಯಿತು ಅನ್ನುವ ಕಡೆ ಎರಡೇ ಇವೆ, ಕೊಳೆತಿದೆ, ಮಾರಿದೆ. ಮೂರನೆಯದು ಸೇರಿಸಿ ಅಂತ ಮೇಲೆ ಬರೆದರೆ ಉತ್ತರ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಕೊನೆಗೆ ಅವರು ತಾವೇ 'ಕೊಳೆತಿದೆ' ಒತ್ತಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿನ್ನ ಸಹಿ ಎಲ್ಲೂ ಇಲ್ಲ. ಸುಳ್ಳು ಬರೆದವಳು ನೀನಲ್ಲ.

ನೀನು ಈಗ ಏನು ಹೇಳುತ್ತೀಯ ಅಂತ ನನಗೆ ಕೇಳಿಸುತ್ತಿದೆ. ಹೇಳಬೇಡ. ಹಣ ವಾಪಸ್ಸು ಮಾಡಿ ಭಟ್ಟಿಯವನಿಗೆ ಹೊಲ ಕೊಟ್ಟರೆ ಚಿಕ್ಕಮ್ಮನಿಗೆ ಯಾವ ಗೌರವ? ಅವಳು ಕೂತ ಮೆಟ್ಟಿಲನ್ನೂ ಅವನು ಅಗೆಯುತ್ತಾನೆ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ, ಇಟ್ಟುಕೋ.

ಸಾಕ್ಷಿ ಹೇಳಿದ ಸಿಬ್ಬಂದಿ ಅರ್ಜಿ ವಿಭಾಗದಲ್ಲಿ ಇರಬಾರದಂತೆ. ನನ್ನನ್ನು ಕೆಳಗಿನ ದಾಖಲೆ ಕೋಣೆಗೆ ಹಾಕಿದ್ದಾರೆ. ಕಿಟಕಿಯಿಲ್ಲ, ಇಲಿಯಿದೆ. ಪರಿಹಾರ ಪಡೆದವರ ಫೋಟೋಗಳನ್ನು ಅವರವರ ಫೈಲಿಗೆ ಅಂಟಿಸುವುದು ಈಗ ನನ್ನ ಕೆಲಸ. ಬೇಜಾರಿಲ್ಲ. ಅವತ್ತು ಎದ್ದು ನಿಂತದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆಯೇ.

ಬಾಗಿಲು ತಟ್ಟಲಿಲ್ಲ, ಹೌದು. ತಟ್ಟಿದರೆ ನಿನ್ನ ಮೇಲಿನ ಸಿಟ್ಟು ಹೋಗಿಬಿಡುತ್ತಿತ್ತು. ಆಗ ನನ್ನ ಹತ್ತಿರ ಇದ್ದದ್ದು ಅದೊಂದೇ.

ತಂಗಿ


೧೧ ಜೂನ್

ಸಣ್ಣಿ,

ಹಣ ಬಂತು. ಇಟ್ಟುಕೊಂಡಿದ್ದೇನೆ. ಅದು ನನ್ನ ಬೆವರಿನದು. ಸುಳ್ಳನ್ನು ಮಾತ್ರ ವಾಪಸ್ಸು ಕಳಿಸುತ್ತಿದ್ದೇನೆ.

ಭಟ್ಟಿಯವನಿಗೆ ಬೇರೆ ಹೊಲ ನೋಡಿಕೋ ಅಂದೆ. ಉಳುಮೆ ಆಯಿತು, ಕೊಯ್ಲಿಗೆ ಬರುತ್ತಿದ್ದ ಇಬ್ಬರು ಹೆಂಗಸರೂ ಬಂದಿದ್ದಾರೆ, ಅರ್ಧ ಹೊಲ ನೆಟ್ಟಿದ್ದೇವೆ.

ಪಂಪ್ ಮನೆಯ ಗೋಡೆ ರಸ್ತೆಗೆ ಮುಖ ಮಾಡಿದೆಯಲ್ಲ, ಅದಕ್ಕೆ ಬಿಳಿ ಬಣ್ಣ ಬಳಿಸಿದೆ. ಬಣ್ಣ ಯಾರು ತಂದುಕೊಟ್ಟರು ಅಂತ ಕೇಳಬೇಡ. ಗಾಡಿಗೆ ಹೊಡೆಯುವಂಥ ಬಣ್ಣ, ಹೊಳೆಯುತ್ತದೆ. ಅದರ ಮೇಲೆ ನಾನೇ ಏಣಿ ಹತ್ತಿ ಬರೆದೆ. 'ಈ ಹೊಲದ ಹೂವು ಕೊಳೆಯಲಿಲ್ಲ. ಒಂಟಿಯಾಗಿ ಹೋದವರ ಜೊತೆ ಹೋಯಿತು.' ಅಕ್ಷರ ಸ್ವಲ್ಪ ಸೊಟ್ಟ. ದೂರದಿಂದ ಚೆನ್ನಾಗಿ ಕಾಣುತ್ತದೆ.

ನಿನ್ನೆ ಟೋಪಿ ಬಂದಿದ್ದ. ಪರಿಹಾರ ಪಡೆದವರು ಹೊಲದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ, ಅದಿಲ್ಲದೆ ಫೈಲು ಮುಗಿಯುವುದಿಲ್ಲವಂತೆ. ಎಲ್ಲಿ ನಿಲ್ತೀರಿ ಅಂದ. ಇಲ್ಲೇ ಅಂದೆ, ಗೋಡೆಗೆ ಬೆನ್ನು ಕೊಟ್ಟು ಆ ಮೆಟ್ಟಿಲ ಮೇಲೆ ನಿಂತೆ. ಅವನು ಕ್ಯಾಮೆರಾ ಎತ್ತಿದ, ಇಳಿಸಿದ, ಗೋಡೆ ಓದಿದ. ಮತ್ತೊಂದು ಸಲ ಓದಿದ. ಸ್ವಲ್ಪ ಆ ಕಡೆ ಬನ್ನಿ ಅನ್ನುತ್ತಾನೆ ಅಂದುಕೊಂಡು ಜಗಳಕ್ಕೆ ಸಿದ್ಧವಾಗಿದ್ದೆ.

"ನಮ್ಮ ತಂದೇನೂ ಹೀಗೇ ಆಂಬುಲೆನ್ಸಲ್ಲಿ ಒಬ್ರೇ ಹೋದ್ರು," ಅಂದ. "ನನ್ನನ್ನ ಜೊತೆಗೆ ಬಿಡ್ಲಿಲ್ಲ."

ಟೋಪಿ ತೆಗೆದ. ನೀನು ಹೇಳಿದ್ದು ನಿಜ, ಒಂದು ಕೂದಲೂ ಇಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಗೋಡೆ ಪೂರ್ತಿ ಬರುವ ಹಾಗೆ ತೆಗೆದ.

ಇನ್ನು ಅವನನ್ನು ಟೋಪಿ ಅನ್ನುವುದಿಲ್ಲ.

ನಿನ್ನ ಅಕ್ಕ


೨ ಜುಲೈ

ಅಕ್ಕ,

ಫೋಟೋ ಬಂತು. ಚೆನ್ನಾಗಿ ಬಂದಿದ್ದೀಯ, ಯಾರನ್ನೋ ಬೈಯಲು ಹೊರಟ ಹಾಗೆ. ಅಕ್ಷರ ಸ್ವಲ್ಪ ಅಲ್ಲ, ಪೂರ್ತಿ ಸೊಟ್ಟ.

ಸಾಹೇಬರಿಗೆ ತೋರಿಸಿಯೇ ಅಂಟಿಸಬೇಕು ಅಂತ ಮೇಲೆ ಒಯ್ದೆ. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಫೋಟೋದಲ್ಲಿ ಏನಿರಬಾರದು ಅಂತ ನಿಯಮ ಏನಾದ್ರೂ ಇದೆಯಾ?" ಅಂತ ಕೇಳಿದರು. ಇಲ್ಲ ಸಾರ್ ಅಂದೆ. "ಹಾಗಾದ್ರೆ ಅಂಟಿಸಿ," ಅಂದರು.

ಮೊದಲ ಹಾಳೆಗೆ ಅಂಟಿಸಿದ್ದೇನೆ. ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬರುವ ಹಾಗೆ ಕಚೇರಿಯ ಸೀಲು ಹಾಕಿದ್ದೇನೆ. ಇನ್ನು ಕಿತ್ತರೆ ಎರಡೂ ಹರಿಯುತ್ತವೆ. ಈ ಫೈಲನ್ನು ಯಾರು ತೆರೆದರೂ ಮೊದಲು ಕಣ್ಣಿಗೆ ಬೀಳುವುದು ನೀನು ಮತ್ತು ನಿನ್ನ ಗೋಡೆ. 'ಕೊಳೆತಿದೆ' ಅನ್ನುವುದು ಎಷ್ಟೋ ಹಾಳೆ ಹಿಂದೆ ಇದೆ.

ಭಾನುವಾರ ಬರುತ್ತೇನೆ. ಉಳಿದರ್ಧ ಹೊಲ ನೆಡುವುದಕ್ಕೆ ನನಗೂ ಒಂದು ಸಾಲು ಬಿಟ್ಟಿರು. ಈ ಸಲ ಬಾಗಿಲು ತಟ್ಟುತ್ತೇನೆ. ಅಷ್ಟರೊಳಗೆ ಜಗಳವಾಡಬೇಕು ಅನ್ನಿಸಿದರೆ ಫೋನ್ ಮಾಡು, ಎತ್ತುತ್ತೇನೆ.

ಫೈಲು ಕಪಾಟಿಗೆ ಸೇರಿಸುವ ಮುಂಚೆ ಕೆಂಪು ದಾರದಲ್ಲಿ ಚಿಕ್ಕಮ್ಮನ ಕಟ್ಟು ಕಟ್ಟಿದೆ. ಬಿಚ್ಚುವವರು ತುದಿ ಹುಡುಕಲಿ.

ನಿನ್ನ ಸಣ್ಣಿ